ಆರಾಮ ಆಗದ ಜಡ್ಡಿಗೆ ನಮ್ಮಲ್ಲಿ ಮಾತಿದೆಯೇ?

ವಿಜಯಪುರ ಜಿಲ್ಲೆಯ ಆಡುಮಾತಿನಲ್ಲಿ ಕಾಯಿಲೆಗೆ ಎರಡೇ ಸ್ಥಿತಿಗಳಿವೆ. ಒಂದು ‘ಆರಾಮಿಲ್ಲ’, ಇನ್ನೊಂದು ‘ಆರಾಮಾತು’. ಇಂಡಿಯ ಬಸ್ ನಿಲ್ದಾಣದಲ್ಲಿ ಸಿಕ್ಕ ಬೀಗರು, ಸಿಂದಗಿಯ ಸಂತೆಯಲ್ಲಿ ಎದುರಾದ ಗೆಳೆಯರು, ಮುದ್ದೇಬಿಹಾಳದಲ್ಲಿ ನಮಾಜು ಮುಗಿಸಿ ಮಸೀದಿಯ ಮೆಟ್ಟಿಲಿಳಿಯುವ ಹಿರಿಯರು, ಬಸವನ ಬಾಗೇವಾಡಿಯ ಜಾತ್ರೆಗೆ ತವರಿಗೆ ಬಂದ ಅಕ್ಕತಂಗಿಯರು, ಎಲ್ಲರೂ ಕೇಳುವ ಪ್ರಶ್ನೆ ಒಂದೇ: ‘ಆರಾಮಾತೇನ್ರಿ?’ ಜ್ವರ ಬಂದು ಹೋದವನಿಗೆ, ಮುರಿದ ಕೈ ಕೂಡಿದವನಿಗೆ ಇದಕ್ಕೆ ಉತ್ತರ ಸಲೀಸು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಎಚ್‌ಐವಿ, ಮೂರ್ಛೆರೋಗ, ಮೂತ್ರಪಿಂಡದ ತೊಂದರೆ ಇವೆ ಎಂದು ಹೋದ ವಾರವಷ್ಟೇ ತಿಳಿದುಕೊಂಡವನು ಏನು ಹೇಳಬೇಕು? ಆರಾಮಾತು ಎಂದರೆ ಸುಳ್ಳು. ಆರಾಮಿಲ್ಲ ಎಂದರೆ ಕೇಳಿದವರ ಮುಖ ಸಪ್ಪಗಾಗುತ್ತದೆ, ಮುಂದಿನ ತಿಂಗಳು ಅದೇ ಪ್ರಶ್ನೆ, ಅದೇ ಉತ್ತರ. ಆತ ‘ಹೂಂ, ನಡದೈತ್ರಿ’ ಎಂದು ಮಳೆಯ ಮಾತು ತೆಗೆಯುತ್ತಾನೆ.

ಹೀಗೆ ಬದಲಾಗುವ ಮಾತಿನ ಬಗ್ಗೆ ನಮ್ಮ ಸಂಸ್ಕೃತಿ ವಿಮರ್ಶೆ ತಲೆ ಕೆಡಿಸಿಕೊಂಡದ್ದು ಕಡಿಮೆ. ಆರೋಗ್ಯ ಇಲಾಖೆಯ ಕಾಗದಗಳಲ್ಲಿ ‘ಮನೋಸಾಮಾಜಿಕ ಬೆಂಬಲ’ ಎಂಬ, ಬಾಯಲ್ಲಿ ಹೊರಳದ ಪದವೊಂದಿದೆ. ಬಾಳಿನುದ್ದಕ್ಕೂ ಹೋಗದ ಕಾಯಿಲೆಯೊಂದು ತನಗಿದೆ ಎಂದು ತಿಳಿದ ಮನುಷ್ಯ ಆ ರಾತ್ರಿ ಯಾರ ಜೊತೆ ಮಾತಾಡಬೇಕು, ಮನೆಯಲ್ಲಿ ಮೊದಲು ಯಾರಿಗೆ ಹೇಳಬೇಕು, ದುಡಿಮೆ ಏನಾದೀತು, ಮಗಳ ಮದುವೆಯ ಮಾತುಕತೆಗೆ ಇದು ಅಡ್ಡ ಬಂದೀತೆ ಎಂಬ ಪ್ರಶ್ನೆಗಳ ಎದುರು ಅವನ ಜೊತೆ ಒಬ್ಬರು ಕೂತುಕೊಳ್ಳುವುದು, ಅಷ್ಟೇ ಅದರ ಅರ್ಥ. ವಿಚಿತ್ರವೆಂದರೆ ಈ ನಾಲ್ಕು ತಾಲ್ಲೂಕುಗಳ ಸರ್ಕಾರಿ ಆಸ್ಪತ್ರೆಗಳು ಒಂದು ಕಾಯಿಲೆಯ ವಿಷಯದಲ್ಲಿ ಇದನ್ನು ಸಾಕಷ್ಟು ಚೆನ್ನಾಗಿ ಕಲಿತಿದ್ದವು. ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಜನರನ್ನು ಹಿಡಿದಿರುವ ಕಾಯಿಲೆಗಳಿಗೆ ಆ ಕಲಿಕೆ ದಾಟಿಕೊಂಡು ಬರಲಿಲ್ಲ. ಯಾಕೆ ಬರಲಿಲ್ಲ ಎಂಬುದು ವೈದ್ಯಕೀಯದ ಪ್ರಶ್ನೆಯಷ್ಟೇ ಭಾಷೆಯ ಪ್ರಶ್ನೆಯೂ ಹೌದು ಎಂಬುದು ನನ್ನ ಅನಿಸಿಕೆ.

1997ರಲ್ಲಿ ಬಾಗಲಕೋಟೆ ಬೇರೆಯಾದ ಮೇಲೆ ಬಿಜಾಪುರ ಜಿಲ್ಲೆಗೆ ಉಳಿದದ್ದು ಐದು ತಾಲ್ಲೂಕು. ಜಿಲ್ಲಾ ಕೇಂದ್ರದ ತಾಲ್ಲೂಕು ಬಿಟ್ಟರೆ ಉಳಿದ ನಾಲ್ಕೇ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಚಡಚಣ, ಆಲಮೇಲ, ತಾಳಿಕೋಟೆ, ನಿಡಗುಂದಿ ಮುಂತಾದವು ಈಗ ಪ್ರತ್ಯೇಕ ತಾಲ್ಲೂಕುಗಳಾಗಿವೆ. ನಾನು ಹಳೆಯ ಗಡಿಗಳನ್ನೇ ಇಟ್ಟುಕೊಂಡು ಮಾತಾಡುತ್ತೇನೆ.

ಮೊದಲು ನಮ್ಮ ಕಥೆಗಳನ್ನು ನೋಡೋಣ. ಕನ್ನಡದ ಜನಪ್ರಿಯ ಕಥನದಲ್ಲಿ ದೊಡ್ಡ ಕಾಯಿಲೆ ಪ್ರವೇಶಿಸುವುದು ಸಾಮಾನ್ಯವಾಗಿ ಕಥೆಯನ್ನು ಮುಗಿಸುವುದಕ್ಕೆ. ನಾಯಕಿ ಕೆಮ್ಮುತ್ತಾಳೆ, ಕರವಸ್ತ್ರದಲ್ಲಿ ರಕ್ತ ಕಾಣುತ್ತದೆ, ನಾಲ್ಕು ದೃಶ್ಯಗಳಲ್ಲಿ ಅವಳು ಇಲ್ಲವಾಗುತ್ತಾಳೆ. ಇದು ಕನ್ನಡದ ರೋಗವೊಂದೇ ಅಲ್ಲ ಬಿಡಿ. 1971ರಲ್ಲಿ ಬಂದ ಹಿಂದಿಯ ‘ಆನಂದ್’ ಚಿತ್ರದ ನಾಯಕ ಕ್ಯಾನ್ಸರ್ ಇದ್ದೂ ನಗುತ್ತ, ನಗಿಸುತ್ತ ಸಾಯುತ್ತಾನೆ. ಇಡೀ ದೇಶ ಅತ್ತಿತು. ಆದರೆ ಆ ಚಿತ್ರ ನೋಡಿ ಬಂದ ರೋಗಿಗೆ ಸಿಗುವ ಪಾಠ ಏನು? ಕಾಯಿಲೆಯವನು ಸುತ್ತಲಿನವರನ್ನು ನಗಿಸುತ್ತಿರಬೇಕು, ಬೇಗ ಹೊರಟುಬಿಡಬೇಕು. ಮೂವತ್ತು ವರ್ಷ ದಿನಕ್ಕೆರಡು ಮಾತ್ರೆ ನುಂಗುತ್ತ, ಆಗಾಗ ಸಿಡುಕುತ್ತ ಬದುಕುವವನಿಗೆ ಆ ಕಥೆಯಲ್ಲಿ ಜಾಗವಿಲ್ಲ.

ಅದೇ 1971ರಲ್ಲಿ ಕನ್ನಡದಲ್ಲಿ ಪುಟ್ಟಣ್ಣ ಕಣಗಾಲರ ‘ಶರಪಂಜರ’ ಬಂತು. ಅದು ತ್ರಿವೇಣಿಯವರ (1928–1963) ಕಾದಂಬರಿಯನ್ನು ಆಧರಿಸಿದ್ದು. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿ ಕಾಯಿಲೆಯನ್ನು ಕಥೆಯ ಕೊನೆಗೆ ಇಡಲಿಲ್ಲ. ಹೆರಿಗೆಯ ನಂತರ ಮನಸ್ಸು ಕೆಟ್ಟ ಕಾವೇರಿ ಚಿಕಿತ್ಸೆ ಪಡೆದು ಮನೆಗೆ ಮರಳುತ್ತಾಳೆ, ಮತ್ತು ಅಸಲು ಕಥೆ ಶುರುವಾಗುವುದೇ ಆಗ. ಅವಳ ಪ್ರತಿ ಮಾತನ್ನೂ ನಗುವನ್ನೂ ಮೌನವನ್ನೂ ಮನೆಯವರು, ನೆರೆಯವರು ಹಳೆಯ ಕಾಯಿಲೆಯ ಕಣ್ಣಿನಿಂದಲೇ ನೋಡುತ್ತಾರೆ. ಆಸ್ಪತ್ರೆ ತನ್ನ ಕೆಲಸ ಮಾಡಿ ಮುಗಿಸಿದೆ, ಮನೆ ಮಾಡಿಲ್ಲ. ರೋಗಕ್ಕೆ ಮದ್ದು ಸಿಕ್ಕ ಮೇಲೂ ರೋಗಿ ಎಂಬ ಹೆಸರು ಹೇಗೆ ಕೊಲ್ಲುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ಕಂಡ ಇನ್ನೊಂದು ಕನ್ನಡ ಕೃತಿಯನ್ನು ಹುಡುಕುವುದು ಕಷ್ಟ. ಆದರೂ ಒಂದು ಕೊರತೆ ಹೇಳಲೇಬೇಕು. ಕಾವೇರಿಯನ್ನು ಮತ್ತೆ ಆಸ್ಪತ್ರೆಗೆ ಕಳಿಸುವುದು ಬಿಟ್ಟು ಬೇರೆ ದಾರಿ ಆ ಕಥೆಗೆ ಹೊಳೆಯಲಿಲ್ಲ. ಅವಳ ಜೊತೆ ಕೂತು ಕೇಳುವ ಒಬ್ಬ ನೆರೆಯವಳಿದ್ದಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಯನ್ನು ಅದು ನಮಗೆ ಬಿಟ್ಟಿತು. ಐದು ದಶಕ ಕಳೆದರೂ ನಮ್ಮ ಕಥೆಗಾರರು ಆ ನೆರೆಯವಳನ್ನು ಬರೆದದ್ದು ಅಪರೂಪ.

ಕಥೆ, ಕಾದಂಬರಿ ಓದುವವರು ಎಷ್ಟು ಮಂದಿ ಎಂದು ಕೇಳಬಹುದು. ಸರಿ. ಹೊಸದಾಗಿ ರೋಗಿಯಾದವನು ನಿಜಕ್ಕೂ ಓದುವ ಸಾಹಿತ್ಯ ಬೇರೆಯೇ ಇದೆ. ಆಸ್ಪತ್ರೆಯ ಗೋಡೆಬರಹ, ಔಷಧಿ ಅಂಗಡಿಯ ಕರಪತ್ರ, ಬಸ್ಸಿನ ಹಿಂಭಾಗದ ಜಾಹೀರಾತು, ಈಗ ಮೊಬೈಲಿಗೆ ಬಂದು ಬೀಳುವ ಸಂದೇಶ. ಇವನ್ನು ಯಾರೂ ವಿಮರ್ಶೆ ಮಾಡುವುದಿಲ್ಲ. ಲಕ್ಷಾಂತರ ಜನ ಭಯದಿಂದ ಓದುವ ಬರಹಕ್ಕಿಂತ ವಿಮರ್ಶೆಗೆ ಯೋಗ್ಯವಾದದ್ದು ಬೇರೆ ಯಾವುದಿದೆಯೋ ನಾನರಿಯೆ.

ಆ ಬರಹದ ಭಾಷೆಯನ್ನು ಗಮನಿಸಿ. ‘ಮಾರಕ ರೋಗ’, ‘ಮಹಾಮಾರಿ’, ‘ಸದ್ದಿಲ್ಲದ ಕೊಲೆಗಾರ’. ಕೊನೆಯದು ರಕ್ತದೊತ್ತಡಕ್ಕೆ ಇಂಗ್ಲಿಷಿನಿಂದ ತಂದು ಅಂಟಿಸಿದ ಹೆಸರು. ನಿನ್ನೆ ತನಗೆ ಬಿಪಿ ಇದೆ ಎಂದು ತಿಳಿದ ಹೆಣ್ಣುಮಗಳಿಗೆ ನಿನ್ನ ಮೈಯೊಳಗೆ ಕೊಲೆಗಾರನೊಬ್ಬ ಕೂತಿದ್ದಾನೆ ಎಂದು ಹೇಳುವುದರಿಂದ ಅವಳ ರಕ್ತದೊತ್ತಡ ಇಳಿಯುತ್ತದೆಯೇ? ಸ್ವತಃ ಕ್ಯಾನ್ಸರ್ ಚಿಕಿತ್ಸೆ ಪಡೆದಿದ್ದ ಅಮೆರಿಕದ ಲೇಖಕಿ ಸೂಸನ್ ಸೊಂಟಾಗ್ 1978ರ ‘ಇಲ್‌ನೆಸ್ ಆ್ಯಸ್ ಮೆಟಫರ್’ ಎಂಬ ಪುಸ್ತಕದಲ್ಲಿ ಇದನ್ನೇ ವಾದಿಸಿದರು. ಕಾಯಿಲೆಗೆ ನಾವು ತೊಡಿಸುವ ಯುದ್ಧದ, ಶಾಪದ, ಪಾಪದ ರೂಪಕಗಳು ರೋಗಿಯ ಮೇಲೆ ಎರಡನೆಯ ಕಾಯಿಲೆಯಂತೆ ಕೂರುತ್ತವೆ ಎಂಬುದು ಅವರ ವಾದದ ಸಾರ. ಹನ್ನೊಂದು ವರ್ಷದ ನಂತರ, 1989ರಲ್ಲಿ, ಏಡ್ಸ್ ಕುರಿತು ಅದೇ ವಾದವನ್ನು ಮುಂದುವರಿಸಿದರು. ಆ ಹೊತ್ತಿಗೆ ನಮ್ಮ ಊರುಗಳ ಗೋಡೆಗಳ ಮೇಲೆ ತಲೆಬುರುಡೆಯ ಚಿತ್ರ ಬರೆಯುವ ಕಾಲ ಶುರುವಾಗುತ್ತಿತ್ತು.

ನಮ್ಮ ಕಡೆಯ ರೂಪಕಗಳು ಇನ್ನೂ ಬೇರೆ. ಸಕ್ಕರೆ ಕಾಯಿಲೆಗೆ ‘ಸಾಹುಕಾರರ ಜಡ್ಡು’ ಎಂಬ ಹೆಸರಿದೆ. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುವ ತಾಂಡಾದ ಕೂಲಿಯವನಿಗೆ ಸಕ್ಕರೆ ಬಂದರೆ ‘ನಿನಗ್ಯಾಕ ಬಂತೋ ತಮ್ಮಾ, ನೀ ಯಾವ ಸಾಹುಕಾರ?’ ಎಂದು ನಗುತ್ತಾರೆ. ನಗುವವರಿಗೆ ಕೆಟ್ಟ ಉದ್ದೇಶವಿಲ್ಲ. ಅವನಿಗೆ ಮಾತ್ರ ತನ್ನ ಕಾಯಿಲೆಯೂ ತನ್ನದಲ್ಲವೆನಿಸುತ್ತದೆ. ಇನ್ನು ಆಹಾರದ ಪಟ್ಟಿ. ಓಟ್ಸ್, ಸೇಬು, ಸಲಾಡು ಎಂದು ಅಚ್ಚಾದ ಕಾಗದವನ್ನು ಹಿಡಿದು ಜೋಳದ ರೊಟ್ಟಿ, ಪುಂಡಿಪಲ್ಯ, ಅಗಸಿ ಹಿಂಡಿ ತಿನ್ನುವ ಮನೆಗೆ ಬರುವ ಹೆಂಗಸು ಅದನ್ನು ಎಲ್ಲಿಡಬೇಕು? ಎಲ್ಲರದೂ ಆದ ಮೇಲೆ ಉಳಿದದ್ದನ್ನು ಉಣ್ಣುವವಳಿಗೆ ‘ಹೊತ್ತಿಗೆ ಸರಿಯಾಗಿ, ಸ್ವಲ್ಪ ಸ್ವಲ್ಪವಾಗಿ ಆರು ಸಲ ಉಣ್ಣಿ’ ಎಂಬ ಸಲಹೆ ಹಾಸ್ಯದಂತೆ ಕೇಳಿಸುತ್ತದೆ. ಅವಳ ತಟ್ಟೆಯಲ್ಲಿರುವ ರೊಟ್ಟಿ, ಕಾಳು, ಸೊಪ್ಪನ್ನೇ ಹಿಡಿದು ಯಾವುದನ್ನು ಎಷ್ಟು ಎಂದು ಹೇಳಬಹುದಿತ್ತು. ಪಟ್ಟಿ ಬರೆದವರು ಈ ಅಡುಗೆಮನೆಯನ್ನು ನೋಡಿಲ್ಲ.

ಕನ್ನಡದಲ್ಲಿ ಆರೋಗ್ಯದ ಬಗ್ಗೆ ಬೇರೆ ದನಿಯಲ್ಲಿ ಬರೆಯಲು ಸಾಧ್ಯವಿದೆ ಎಂಬುದನ್ನು ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ (1934–1991) ತೋರಿಸಿದ್ದರು. ‘ಕೇಳು ಕಿಶೋರಿ’ಯ ಹೆಸರೇ ಹೇಳುವಂತೆ ಅದು ಎದುರಿಗೆ ಕೂತ ಒಬ್ಬಳ ಜೊತೆಗಿನ ಮಾತು. ಮನೋವೈದ್ಯ ಸಿ. ಆರ್. ಚಂದ್ರಶೇಖರ್ ಅವರ ಪುಟ್ಟ ಪುಟ್ಟ ಪುಸ್ತಕಗಳು ಕೂಡ ಮನಸ್ಸಿನ ಕಾಯಿಲೆಯ ಬಗ್ಗೆ ಮನೆಯವರ ಭಾಷೆಯಲ್ಲಿ ಬರೆಯಬಹುದೆಂದು ತೋರಿಸಿದವು. ಸರ್ಕಾರದ ಕರಪತ್ರಗಳಿಗೆ ಮಾತ್ರ ಈ ಪರಂಪರೆ ಸೋಕಲೇ ಇಲ್ಲ. ಅವು ಇಂದಿಗೂ ಸುತ್ತೋಲೆಯ ಕನ್ನಡದಲ್ಲೇ ಮಾತಾಡುತ್ತವೆ.

ಈಗ ಎಚ್‌ಐವಿ ವಿಷಯಕ್ಕೆ ಬರುತ್ತೇನೆ. ಈ ನಾಲ್ಕು ತಾಲ್ಲೂಕುಗಳು ಕಲಿತದ್ದೂ ಮರೆತದ್ದೂ ಅಲ್ಲಿಯೇ ಇದೆ.

2000ದ ಆಸುಪಾಸಿನಲ್ಲಿ ಬಿಜಾಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳು ದೇಶದ ಏಡ್ಸ್ ನಕ್ಷೆಯಲ್ಲಿ ಎದ್ದು ಕಾಣುತ್ತಿದ್ದವು. ಸೊಲ್ಲಾಪುರದಿಂದ ಝಳಕಿ, ವಿಜಯಪುರ, ನಿಡಗುಂದಿ ದಾಟಿ ಮಂಗಳೂರಿನತ್ತ ಸಾಗುತ್ತಿದ್ದ ಹಳೆಯ 13ನೇ ನಂಬರಿನ ಹೆದ್ದಾರಿಯ ಲಾರಿಗಳು, ಮಳೆಯಿಲ್ಲದ ವರ್ಷಗಳಲ್ಲಿ ಗೋವಾ, ಪುಣೆ, ಮುಂಬಯಿಗೆ ದುಡಿಯಲು ಹೋಗುವ ಗಂಡಸರು, 1982ರ ನಿಷೇಧ ಕಾಯ್ದೆಯ ನಂತರವೂ ಉಳಿದುಕೊಂಡ ದೇವದಾಸಿ ಪದ್ಧತಿಯ ಬಡತನ, ಇವೆಲ್ಲ ಕಾರಣಗಳಾಗಿ ಪಟ್ಟಿಯಾಗುತ್ತಿದ್ದವು. 2007ರಲ್ಲಿ ಶುರುವಾದ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಮೂರನೆಯ ಹಂತ ಗರ್ಭಿಣಿಯರಲ್ಲಿ ಶೇಕಡಾ 1ಕ್ಕಿಂತ ಹೆಚ್ಚು ಸೋಂಕು ಕಂಡಿದ್ದ ಜಿಲ್ಲೆಗಳನ್ನು ‘ಎ’ ವರ್ಗಕ್ಕೆ ಸೇರಿಸಿತು. ಬಿಜಾಪುರ ಅದರಲ್ಲಿತ್ತು. ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿ ಮತ್ತು ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯ ಸೇರಿ 2003ರಲ್ಲಿ ಕಟ್ಟಿದ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಈ ಭಾಗದಲ್ಲಿ ವರ್ಷಗಟ್ಟಲೆ ದುಡಿಯಿತು.

ಉಚಿತ ಎಆರ್‌ಟಿ ಔಷಧಿ ಭಾರತದಲ್ಲಿ ಶುರುವಾದದ್ದು 2004ರ ಏಪ್ರಿಲ್ 1ರಂದು, ಅದೂ ಮೊದಲಿಗೆ ಬೆರಳೆಣಿಕೆಯ ಆಸ್ಪತ್ರೆಗಳಲ್ಲಿ. ಅದಕ್ಕೂ ಮುಂಚೆ ಪರೀಕ್ಷಾ ಕೇಂದ್ರಕ್ಕೆ ಬಂದು ಸೋಂಕಿದೆ ಎಂದು ತಿಳಿದವನಿಗೆ ಸರ್ಕಾರಿ ವ್ಯವಸ್ಥೆ ಕೊಡಬಹುದಾಗಿದ್ದ ಮದ್ದು ಬಹಳ ಕಡಿಮೆ. ಕೊಡಬಹುದಾಗಿದ್ದದ್ದು ಮಾತು. ಆದ್ದರಿಂದ ಆ ಮಾತನ್ನು ಶ್ರದ್ಧೆಯಿಂದ ಕಟ್ಟಬೇಕಾಯಿತು. ‘ಆಪ್ತ ಸಮಾಲೋಚನೆ’ ಎಂಬ ಪದ ನಮ್ಮ ತಾಲ್ಲೂಕು ಆಸ್ಪತ್ರೆಗಳ ಬಾಗಿಲ ಮೇಲೆ ಬಂದದ್ದು ಈ ಕಾರ್ಯಕ್ರಮದ ಜೊತೆಗೆ. ಇಂಗ್ಲಿಷಿನ ಮೂಲಪದದಲ್ಲಿ ಇಲ್ಲದ ‘ಆಪ್ತ’ ಎಂಬ ವಿಶೇಷಣವನ್ನು ಯಾರು ಸೇರಿಸಿದರೋ, ಅವರಿಗೆ ಸಲಾಮು ಹೇಳಬೇಕು. ಪರೀಕ್ಷೆಗೆ ಮೊದಲು ಒಪ್ಪಿಗೆ ಕೇಳುವುದು, ಬಾಗಿಲು ಹಾಕಿಕೊಂಡು ಫಲಿತಾಂಶ ಹೇಳುವುದು, ಹೇಳಿದ ಮೇಲೆ ಸುಮ್ಮನಿರುವುದು, ಅಳಲು ಬಿಡುವುದು, ‘ಇವತ್ತು ಊರಿಗೆ ಹೋಗಿ ಏನು ಮಾಡ್ತೀರಿ? ಯಾರಿಗೆ ಹೇಳ್ಬೇಕು ಅನಿಸ್ತದ?’ ಎಂದು ಕೇಳುವುದು, ಜೀವ ಕಳಕೊಳ್ಳುವ ಯೋಚನೆ ಇದೆಯೇ ಎಂದು ಅಳುಕಿಲ್ಲದೆ ವಿಚಾರಿಸುವುದು, ಮತ್ತೆ ಬರುವ ದಿನ ಗೊತ್ತು ಮಾಡುವುದು. ಇದನ್ನು ಒಂದು ಪಠ್ಯವೆಂದು ಓದಿದರೆ ಕೆಟ್ಟ ಸುದ್ದಿಯನ್ನು ಹೇಗೆ ಹೇಳಬೇಕೆಂಬ ಬಗ್ಗೆ ಕನ್ನಡ ನಾಡಿನ ಸರ್ಕಾರಿ ವ್ಯವಸ್ಥೆ ಪಾಲಿಸಿದ ಅತ್ಯುತ್ತಮ ಪಠ್ಯ ಇದು ಎಂದು ನನಗನಿಸುತ್ತದೆ. ಜೊತೆಗೆ ಸೋಂಕಿತರದೇ ಸಂಘಗಳು ಬೆಳೆದವು. ಹತ್ತು ವರ್ಷದಿಂದ ಸೋಂಕಿನ ಜೊತೆ ಬದುಕುತ್ತಿರುವವಳು ನಿನ್ನೆ ತಿಳಿದವಳ ಪಕ್ಕದಲ್ಲಿ ಕೂತು ‘ನೋಡವ್ವಾ, ನಾನೂ ಅದೀನಿ’ ಎಂದಾಗ ಆಗುವ ಧೈರ್ಯವನ್ನು ಯಾವ ವೈದ್ಯನೂ ಕೊಡಲಾರ.

ಇದನ್ನು ಚಿನ್ನದ ಕಾಲವೆಂದು ಹಾಡಿ ಹೊಗಳಬೇಕಿಲ್ಲ. ಗರ್ಭಿಣಿಯ ತಪಾಸಣೆಯಲ್ಲಿ ಸೋಂಕು ಮೊದಲು ಪತ್ತೆಯಾಗುತ್ತಿದ್ದದ್ದು ಹೆಂಡತಿಯಲ್ಲಿ. ಆದ್ದರಿಂದ ಕಾಯಿಲೆ ತಂದವಳು ಅವಳೇ ಎಂಬ ಆರೋಪ ಅವಳ ತಲೆಗೆ ಬರುತ್ತಿತ್ತು. ಯಾರಿಗೆ ಹೇಳಬೇಕೆಂಬುದು ನಿಮ್ಮ ಆಯ್ಕೆ ಎಂದು ಸಮಾಲೋಚಕರು ಹೇಳಿದರೂ, ಅತ್ತೆಯನ್ನು ಜೊತೆಗೆ ಕರಕೊಂಡೇ ಆಸ್ಪತ್ರೆಗೆ ಬರಬೇಕಾದ ಸೊಸೆಗೆ ಆಯ್ಕೆ ಎಲ್ಲಿತ್ತು? ಗುರುತಿನವರು ಕಂಡಾರೆಂದು ತಮ್ಮೂರಿನ ಕೇಂದ್ರ ಬಿಟ್ಟು ದೂರದ ಊರಿಗೆ ಹೋಗುವುದು ಆಗ ಇತ್ತು, ಈಗಲೂ ಇದೆ. ವಿದೇಶಿ ಹಣದ ಯೋಜನೆಗಳು ಮುಗಿದಂತೆ ಸಿಬ್ಬಂದಿಯೂ ಕರಗಿದರು. ತಾರತಮ್ಯವನ್ನು, ಒಪ್ಪಿಗೆಯಿಲ್ಲದೆ ಸುದ್ದಿ ಹೊರಗೆಡಹುವುದನ್ನು ನಿಷೇಧಿಸುವ ಕಾನೂನು 2017ರಲ್ಲಿ ಆಗಿ 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂತು. ಆ ಹೊತ್ತಿಗೆ ಎಷ್ಟೋ ಮನೆಗಳು ಒಡೆದು ಆಗಿತ್ತು.

ಸಕ್ಕರೆ ಕಾಯಿಲೆಯ ಕಥೆ ಇದಕ್ಕೆ ತದ್ವಿರುದ್ಧ. ಅದಕ್ಕೆ ಮಾತ್ರೆ ಮೊದಲಿನಿಂದಲೂ ಇತ್ತು. ಮಾತ್ರೆ ಇದ್ದುದರಿಂದ ಮಾತು ಬೇಕೆಂದು ಯಾರಿಗೂ ಅನಿಸಲಿಲ್ಲ. ಚೀಟಿ ಬರೆದರಾಯಿತು, ಮುಂದಿನ ರೋಗಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಅಧ್ಯಯನ 2023ರಲ್ಲಿ ಪ್ರಕಟವಾದಾಗ ದೇಶದಲ್ಲಿ 10.1 ಕೋಟಿ ಮಂದಿಗೆ ಸಕ್ಕರೆ ಕಾಯಿಲೆ, ಇನ್ನೂ 13.6 ಕೋಟಿ ಮಂದಿ ಅದರ ಹೊಸ್ತಿಲಲ್ಲಿ ಎಂಬ ಅಂದಾಜು ಬಂತು. ಅಷ್ಟು ಮಂದಿಯಲ್ಲಿ ಪ್ರತಿಯೊಬ್ಬರಿಗೂ ಆ ಸುದ್ದಿ ಕೇಳಿದ ಒಂದು ದಿನ ಇದ್ದೇ ಇರುತ್ತದೆ.

ಈಗ ಆ ಸುದ್ದಿ ಮನೆಬಾಗಿಲಿಗೇ ಬರುತ್ತಿದೆ. ಮೂವತ್ತು ದಾಟಿದವರ ತಪಾಸಣೆಗೆ ಆಶಾ ಕಾರ್ಯಕರ್ತೆಯರು ಮನೆಮನೆಗೆ ಬರುತ್ತಾರೆ. ಕರ್ನಾಟಕ ಸರ್ಕಾರ 2024ರಲ್ಲಿ ಕೋಲಾರದಲ್ಲಿ ಆರಂಭಿಸಿ ಮುಂದೆ ರಾಜ್ಯಕ್ಕೆ ವಿಸ್ತರಿಸಿದ ‘ಗೃಹ ಆರೋಗ್ಯ’ವೂ ಇದೇ ಕೆಲಸದ್ದು. ಬೇಗ ಪತ್ತೆಯಾಗುವುದು ಒಳ್ಳೆಯದೇ, ಅದರ ಬಗ್ಗೆ ತಕರಾರಿಲ್ಲ. ಆದರೆ ಆ ಗಳಿಗೆಯನ್ನು ಕಲ್ಪಿಸಿಕೊಳ್ಳಿ. ಸಿಂದಗಿ ತಾಲ್ಲೂಕಿನ ಯಾವುದೋ ಹಳ್ಳಿಯ ಕಟ್ಟೆ. ನಾಲ್ಕು ಹೆಂಗಸರು ಕಾಳು ಹಸನು ಮಾಡುತ್ತಿದ್ದಾರೆ. ಬೆರಳಿಗೆ ಸೂಜಿ ಚುಚ್ಚಿ, ಪಟ್ಟಿ ಸಿಕ್ಕಿಸಿ, ಯಂತ್ರ ನೋಡಿ, ‘ಯಕ್ಕಾ, ನಿಂದು ಇನ್ನೂರಾ ಎಂಬತ್ತೈತಿ ನೋಡು, ಆಸ್ಪತ್ರಿಗಿ ಹೋಗು’ ಎಂದು ಆಶಾ ಹೇಳುತ್ತಾಳೆ. ಅವಳ ತಪ್ಪೇನೂ ಇಲ್ಲ. ಅವಳ ಕೈಗೆ ಯಂತ್ರ ಕೊಟ್ಟರು, ಫಾರಂ ಕೊಟ್ಟರು, ಮಾತು ಕೊಡಲಿಲ್ಲ. ಸಂಜೆಯೊಳಗೆ ಓಣಿಗೆಲ್ಲ ಗೊತ್ತು. ಎಚ್‌ಐವಿಯಲ್ಲಿ ನಾವು ಮಾಡಬಾರದೆಂದು ಕಲಿತದ್ದೆಲ್ಲ ಇಲ್ಲಿ ನಡೆಯುತ್ತದೆ, ಕಾಯಿಲೆ ‘ಸಾಮಾನ್ಯ’ ಎಂಬ ಕಾರಣಕ್ಕೆ.

ಸಾಮಾನ್ಯ ಎಂಬುದು ವೈದ್ಯರ ಲೆಕ್ಕ. ಕೇಳಿದವಳಿಗೆ ಅದು ಸಾಮಾನ್ಯವಲ್ಲ. ಅದೇ ಕಾಯಿಲೆಯಿಂದ ಕಾಲು ಕಳಕೊಂಡ ಮಾವ, ಕಣ್ಣು ಕಳಕೊಂಡ ಚಾಚಾ ನೆನಪಿಗೆ ಬರುತ್ತಾರೆ. ಅಮೆರಿಕದ ವಿಲಿಯಂ ಪೊಲೊನ್‌ಸ್ಕಿ ಮತ್ತು ಸಂಗಡಿಗರು 1995ರಲ್ಲಿ ಸಕ್ಕರೆ ಕಾಯಿಲೆಯವರ ಮನಸ್ಸಿನ ಭಾರ ಅಳೆಯಲು ಇಪ್ಪತ್ತು ಪ್ರಶ್ನೆಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದರು. ಮುಂದೇನಾದೀತೋ ಎಂಬ ಭಯ, ಊಟದ ವಿಷಯದಲ್ಲಿ ತಪ್ಪು ಮಾಡಿದೆನೆಂಬ ಭಾವ, ಒಂಟಿತನ, ಮನೆಯವರಿಗೆ ತನ್ನ ಕಷ್ಟ ತಿಳಿಯುತ್ತಿಲ್ಲವೆಂಬ ಕೊರಗು, ಇವೆಲ್ಲ ಅದರಲ್ಲಿವೆ. ಈ ಭಾರ ಹೆಚ್ಚಾದಷ್ಟೂ ಔಷಧಿ ತಪ್ಪುತ್ತದೆ, ಸಕ್ಕರೆ ಏರುತ್ತದೆ ಎಂಬುದನ್ನು ಅಲ್ಲಿಂದೀಚೆಗಿನ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ನಮ್ಮ ಆಸ್ಪತ್ರೆಗಳಲ್ಲಿ ಇದಕ್ಕೆ ಸಿಗುವ ಹೆಸರು ‘ಹೇಳಿದ ಮಾತು ಕೇಳೂದಿಲ್ಲ’ ಎಂಬುದು.

ನ್ಯಾಯವಾಗಿ ಹೇಳುವುದಾದರೆ, ಕಾಗದದ ಮೇಲೆ ವ್ಯವಸ್ಥೆ ಇಲ್ಲದೆ ಇಲ್ಲ. 2010ರಲ್ಲಿ ಶುರುವಾದ ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದ ಮಾರ್ಗಸೂಚಿಯಲ್ಲಿ ಎನ್‌ಸಿಡಿ ಕ್ಲಿನಿಕ್ಕಿಗೆ ವೈದ್ಯ, ದಾದಿಯ ಜೊತೆ ಒಬ್ಬ ಸಮಾಲೋಚಕರ ಹುದ್ದೆಯೂ ಇದೆ. ಅವರ ಕೆಲಸವೇನೆಂದು ಓದಿದರೆ ಸಿಗುವುದು ಆಹಾರ, ವ್ಯಾಯಾಮ, ತಂಬಾಕು. ಅಂದರೆ ಸಲಹೆ. ‘ಆಪ್ತ’ ಎಂಬುದು ದಾರಿಯಲ್ಲೆಲ್ಲೋ ಉದುರಿದೆ. ಎಚ್‌ಐವಿ ಕೋಣೆಯಲ್ಲಿ ರೋಗಿಗೆ ಪ್ರಶ್ನೆ ಕೇಳುತ್ತಿದ್ದರು, ಇಲ್ಲಿ ಉಪದೇಶ ಮಾಡುತ್ತಾರೆ.

ಉಪದೇಶದ ವಿಷಯ ಬಂದಾಗ ನಮ್ಮ ಸಮುದಾಯದ ಒಳಗಿನ ಮಾತನ್ನೂ ಆಡಬೇಕು. ರೋಗಿಯನ್ನು ನೋಡಲು ಹೋಗುವುದು, ಇಯಾದತ್, ಮುಸಲ್ಮಾನರಲ್ಲಿ ಒಬ್ಬರ ಮೇಲೆ ಇನ್ನೊಬ್ಬರಿಗಿರುವ ಹಕ್ಕು ಎಂದು ಹದೀಸುಗಳಲ್ಲಿ ಬಂದಿದೆ. ಇಷ್ಟು ದೊಡ್ಡ ಸಂಪತ್ತು ಕೈಯಲ್ಲಿದ್ದೂ ನಾವು ಅದನ್ನು ಹೇಗೆ ಖರ್ಚು ಮಾಡುತ್ತಿದ್ದೇವೆ? ನೋಡಲು ಬಂದವರು ಕೂತ ಐದು ನಿಮಿಷಕ್ಕೆ ಮೆಂತ್ಯೆ, ಹಾಗಲಕಾಯಿ, ಯಾರೋ ಹಕೀಮರ ಪುಡಿ ಎಂದು ಶುರು ಮಾಡುತ್ತಾರೆ. ‘ಇನ್ಸುಲಿನ್ ಹಚ್ಕೋಬ್ಯಾಡ್ರಿ, ಒಮ್ಮಿ ಹಚ್ಕೊಂಡ್ರ ಬಿಡೂದಿಲ್ಲ’ ಎಂದು ಹೆದರಿಸುತ್ತಾರೆ. ಅದೇ ಕಾಯಿಲೆಯಿಂದ ಸತ್ತವರ ಪಟ್ಟಿ ಒಪ್ಪಿಸುತ್ತಾರೆ. ರೋಗಿಯ ಬಾಯಿಂದ ಒಂದು ಮಾತೂ ಹೊರಡುವ ಮೊದಲೇ ಎದ್ದು ಹೋಗುತ್ತಾರೆ. ಹಿಂದೂ ಮನೆಗಳಲ್ಲಿ ಇದಕ್ಕಿಂತ ಬೇರೆ ಇದೆಯೆಂದೇನೂ ನನಗೆ ಕಂಡಿಲ್ಲ.

ರಂಜಾನಿನಲ್ಲಿ ಇದು ಇನ್ನೂ ಸೂಕ್ಷ್ಮ. ಕಾಯಿಲೆಯವರು ಉಪವಾಸ ಬಿಟ್ಟು ಮುಂದೆ ಬೇರೆ ದಿನಗಳಲ್ಲಿ ಪೂರೈಸಬಹುದು ಎಂದು ಕುರ್‌ಆನಿನ ಅಲ್ ಬಕರಾ ಅಧ್ಯಾಯ (2:184–185) ಹೇಳುತ್ತದೆ. ಪೂರೈಸಲಾರದವರಿಗೆ ಬಡವರಿಗೆ ಉಣಿಸುವ ಫಿದ್ಯಾ ಇದೆ. ಎಲ್ಲರಿಗೂ ಗೊತ್ತಿರುವ ವಿಷಯವೇ. ಆದರೆ ಹೊಸದಾಗಿ ಸಕ್ಕರೆ ಕಾಯಿಲೆ ಬಂದವನಿಗೆ ಕಷ್ಟವಾಗುವುದು ಫತ್ವಾ ಸಿಗದೆ ಅಲ್ಲ. ಇಫ್ತಾರಿನ ಸಾಲಿನಲ್ಲಿ ಕೂತವನನ್ನು ‘ರೋಜಾ ಹೈ ನಾ?’ ಎಂದು ಕೇಳಿದರೆ ಏನು ಹೇಳಲಿ ಎಂಬ ಸಂಕೋಚ ಅವನನ್ನು ಮಾತ್ರೆ ನುಂಗಿಯೂ ಹಸಿದಿರುವಂತೆ ಮಾಡುತ್ತದೆ. ಕೆಲವು ಮಾತ್ರೆಗಳು, ಇನ್ಸುಲಿನ್ ಖಾಲಿ ಹೊಟ್ಟೆಯಲ್ಲಿ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲವು. ರಂಜಾನಿಗೆ ಆರರಿಂದ ಎಂಟು ವಾರ ಮೊದಲೇ ವೈದ್ಯರನ್ನು ಕಂಡು, ಉಪವಾಸ ಮಾಡಬಹುದೇ, ಮಾಡಿದರೆ ಔಷಧಿಯ ಹೊತ್ತು ಹೇಗೆ ಎಂದು ಕೇಳಬೇಕು ಎಂಬುದು ಅಂತಾರಾಷ್ಟ್ರೀಯ ತಜ್ಞರ ಸಲಹೆ. ರಜಬ್ ತಿಂಗಳ ಒಂದು ಶುಕ್ರವಾರದ ಬಯಾನಿನಲ್ಲಿ ಮೌಲಾನಾ ಒಬ್ಬರು ಹತ್ತು ನಿಮಿಷ ಇದನ್ನು ಹೇಳಿದರೆ ಎಷ್ಟೋ ಮಂದಿಯ ಸಂಕೋಚ ಕಳೆದೀತು.

ದರ್ಗಾಕ್ಕೆ ಹೋಗುವವರ ಬಗ್ಗೆ ಓದಿದವರು ಮೂಗು ಮುರಿಯುವುದುಂಟು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರವಾಡಿಯಲ್ಲಿ ದರ್ಗಾದ ಸಮೀಪದ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿದ್ದು, ಸರಪಳಿ ಕಟ್ಟಿದ್ದ ಇಪ್ಪತ್ತೈದಕ್ಕೂ ಹೆಚ್ಚು ಮನೋರೋಗಿಗಳು ಸತ್ತ ಮೇಲೆ ಆ ಮೂಗು ಮುರಿತಕ್ಕೆ ಕಾರಣವೂ ಸಿಕ್ಕಿತು. ಆದರೂ ಜನ ಯಾಕೆ ಹೋಗುತ್ತಾರೆ ಎಂದು ಕೇಳಿಕೊಳ್ಳಬೇಕು. ಅಲ್ಲಿ ಯಾರೂ ಚೀಟಿ ಕೇಳುವುದಿಲ್ಲ, ಮುಂದಿನವರನ್ನು ಕರೆಯುವುದಿಲ್ಲ. ಎಷ್ಟು ಹೊತ್ತಾದರೂ ಕೂತು ಅಳಬಹುದು. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ 2008ರಿಂದ ‘ದವಾ ಮತ್ತು ದುವಾ’ ಎಂಬ ಪ್ರಯತ್ನ ನಡೆಯಿತು. ದರ್ಗಾದ ಮುಜಾವರರೇ ಬಂದವರನ್ನು ಮಾತಾಡಿಸಿ, ಬೇಕಾದವರನ್ನು ಅಲ್ಲೇ ಇದ್ದ ವೈದ್ಯರ ಬಳಿ ಕಳಿಸುವ ಏರ್ಪಾಡು ಅದು. ಆಸ್ಪತ್ರೆ ಬಿಟ್ಟುಕೊಟ್ಟ ಜಾಗವನ್ನು ದರ್ಗಾ ತುಂಬಿದೆ ಎಂದು ಒಪ್ಪಿಕೊಂಡಿದ್ದರಿಂದಲೇ ಅದು ಸಾಧ್ಯವಾಯಿತು.

ಇಂಥ ಜಾಗ ಈ ತಾಲ್ಲೂಕುಗಳ ಮನೆಯೊಳಗೂ ಒಂದು ಕಾಲಕ್ಕೆ ಇತ್ತು. ಹಳೆಯ ಇಂಡಿ ತಾಲ್ಲೂಕಿನ ಹಲಸಂಗಿಯ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ, ಹೆಂಗಸರ ಹಾಡುಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ತಂದರು. ಅವುಗಳಲ್ಲಿ ಹೆಚ್ಚಿನವು ಬೀಸುವ ಕಲ್ಲಿನ ಮುಂದೆ ಹುಟ್ಟಿದವು. ನಸುಕಿನಲ್ಲಿ ಇಬ್ಬರು ಹೆಂಗಸರು ಎದುರುಬದುರು ಕೂತು ಒಂದೇ ಗೂಟ ಹಿಡಿದು ಬೀಸುತ್ತ ತವರಿನ ದುಃಖ, ಮಗುವಿನ ಜಡ್ಡು, ಗಂಡನ ಸಿಟ್ಟು ಎಲ್ಲವನ್ನೂ ಹಾಡಿಕೊಳ್ಳುತ್ತಿದ್ದರು. ಸಾಹಿತ್ಯ ಚರಿತ್ರೆ ಅದನ್ನು ಕಾವ್ಯವೆಂದು ಓದಿತು, ಸರಿಯಾಗಿಯೇ. ಅಲ್ಲಿ ಒಬ್ಬಳು ಹಾಡುವಾಗ ಇನ್ನೊಬ್ಬಳು ಸಲಹೆ ಕೊಡುತ್ತಿರಲಿಲ್ಲ, ದನಿಗೂಡಿಸುತ್ತಿದ್ದಳು ಎಂಬುದನ್ನು ಮಾತ್ರ ನಾವು ಅಷ್ಟಾಗಿ ಗಮನಿಸಲಿಲ್ಲ. ಗಿರಣಿ ಬಂದು ರಟ್ಟೆಗೆ ಸುಖವಾಯಿತು. ಆ ಕೂಟಕ್ಕೆ ಬದಲಿ ಬರಲಿಲ್ಲ. ಬೀಸುವ ಕಲ್ಲಿಗೆ ಮರಳಬೇಕೆಂದು ಯಾರೂ ಹೇಳುತ್ತಿಲ್ಲ, ಬೀಸಿದವರಂತೂ ಖಂಡಿತ ಹೇಳಲಾರರು.

ಜಿಂಬಾಬ್ವೆಯಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡಾ 2006ರಲ್ಲಿ ಶುರು ಮಾಡಿದ ‘ಗೆಳೆತನದ ಬೆಂಚು’ ಬಹುಮಟ್ಟಿಗೆ ಅಂಥದೇ ಬದಲಿ. ಆರೋಗ್ಯ ಕೇಂದ್ರದ ಅಂಗಳದಲ್ಲಿ ಒಂದು ಮರದ ಬೆಂಚು. ಅದರ ಮೇಲೆ ಸ್ವಲ್ಪ ತರಬೇತಿ ಪಡೆದ ಆ ಊರಿನದೇ ಅಜ್ಜಿ. ಬಂದವರು ಮಾತಾಡುತ್ತಾರೆ, ಅಜ್ಜಿ ಕೇಳುತ್ತಾಳೆ, ಇಬ್ಬರೂ ಸೇರಿ ಒಂದು ತೊಂದರೆಯನ್ನು ಆರಿಸಿಕೊಂಡು ಅದಕ್ಕೇನು ಮಾಡಬಹುದೆಂದು ಯೋಚಿಸುತ್ತಾರೆ. ಬಂದವರಲ್ಲಿ ಎಚ್‌ಐವಿ ಇದ್ದವರೂ ಬಹಳ. ಅಜ್ಜಿಯರ ಬಳಿ ಕೂತವರ ಖಿನ್ನತೆ ಮಾಮೂಲು ಚಿಕಿತ್ಸೆ ಪಡೆದವರಿಗಿಂತ ಸ್ಪಷ್ಟವಾಗಿ ಇಳಿಯಿತೆಂದು 2016ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ನಮ್ಮಲ್ಲೇ ಎಂಬತ್ತರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಮನೋರೋಗ ಚಿಕಿತ್ಸೆಯನ್ನು ಹಳ್ಳಿಗೆ ಒಯ್ದಿತ್ತು. 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಅದೇ ಬಳ್ಳಾರಿ.

ಆ ಕಾರ್ಯಕ್ರಮದ ಮುಂದುವರಿಕೆಯಾಗಿ ಬಂದ ‘ಮನೋಚೈತನ್ಯ’ದಡಿ ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ಕೂರುವ ಏರ್ಪಾಡಿದೆ. ಸಕ್ಕರೆ, ಬಿಪಿಯ ಎನ್‌ಸಿಡಿ ಕೋಣೆ ಅದೇ ಆವರಣದಲ್ಲಿ. ಎಚ್‌ಐವಿಯ ಆಪ್ತ ಸಮಾಲೋಚನಾ ಕೋಣೆಯೂ ಅಲ್ಲೇ. ಎನ್‌ಸಿಡಿ ಕೋಣೆಯಲ್ಲಿ ಮೊದಲ ಸಲ ಚೀಟಿ ಪಡೆದವರನ್ನು ‘ಯಕ್ಕಾ, ಔಷಧಿ ತಗೊಳ್ಳೂದಕ್ಕಿಂತ ಮೊದ್ಲ ಅಲ್ಲೊಂದು ಹತ್ತು ನಿಮಿಷ ಕೂತು ಬಾ’ ಎಂದು ಪಕ್ಕದ ಬಾಗಿಲಿಗೆ ಕಳಿಸಲು ಹೊಸ ಕಟ್ಟಡ ಬೇಕಿಲ್ಲ, ಹೊಸ ಯೋಜನೆಯ ಹೆಸರೂ ಬೇಕಿಲ್ಲ. ಇಪ್ಪತ್ತು ವರ್ಷದ ಹಿಂದೆ ಈ ಆಸ್ಪತ್ರೆಗಳಲ್ಲಿ ಬಾಗಿಲು ಹಾಕಿಕೊಂಡು ಸುದ್ದಿ ಹೇಳುವುದನ್ನು ಕಲಿತಿದ್ದ ಸಮಾಲೋಚಕರು, ಸೋಂಕಿನ ಜೊತೆ ಬದುಕಿ ಬೇರೆಯವರಿಗೆ ಧೈರ್ಯ ಹೇಳಿದ ಹೆಣ್ಣುಮಕ್ಕಳು ಇನ್ನೂ ಈ ಊರುಗಳಲ್ಲೇ ಇದ್ದಾರೆ. ಆಶಾ ಕಾರ್ಯಕರ್ತೆಯರ ಮುಂದಿನ ತರಬೇತಿಗೆ ಅವರನ್ನು ಕರೆಯುವುದಕ್ಕೆ ತಾಲ್ಲೂಕು ಆರೋಗ್ಯಾಧಿಕಾರಿಯ ಒಂದು ಪತ್ರ ಸಾಕು.